ಎರಡೂ ಕಿವಿ ಮುಚ್ಚಿದವರು

“ಒಂದು ಕಿವಿ ಹೊರಗಿಟ್ಕೊಂಡು ಹಾಡಮ್ಮ. ಎರಡೂ ಮುಚ್ಕೊಂಡು ಅಕ್ಕನ ದನಿ ತೆಗೀಬೇಡ. ಆ ರೂಮಲ್ಲಿ ಮಾಟ ಇದೆ.”

ಸ್ಟುಡಿಯೋದ ಹಾಡುವ ಕೋಣೆಯ ದಪ್ಪ ಬಾಗಿಲಿಗೆ ಅಡ್ಡ ನಿಂತು ಮುದುಕಿ ಹೇಳಿದ್ದು ಇಷ್ಟೇ. ಗಿಣಿ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಬೆನ್ನನ್ನು ಅಷ್ಟೇ ಬಾಗಿಸಿ, ಕೆಳತುಟಿಯನ್ನು ಅಷ್ಟೇ ಇಳಿಬಿಟ್ಟು, ಅದೇ ಒಣಗಿದ ದನಿಯಲ್ಲಿ, “ಒಂದು ಕಿವಿ ಹೊರಗಿಟ್ಕೊಂಡು ಹಾಡಮ್ಮ…” ಎಂದು ಮುದುಕಿಯ ಮಾತನ್ನು ಮುದುಕಿಗೇ ಒಪ್ಪಿಸಿದಳು. ‘ಮಾಟ’ ಎನ್ನುವಾಗ ಗಂಟಲಲ್ಲಿ ಬಂದಿದ್ದ ಸಣ್ಣ ಗೊರಗೊರವನ್ನೂ ಬಿಡಲಿಲ್ಲ.

ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟ್ ಕುರ್ಚಿಯಿಂದ ಬೀಳುವಷ್ಟು ನಕ್ಕ. ಅವನ ಪಕ್ಕದಲ್ಲಿದ್ದ ಸಂಗೀತ ನಿರ್ದೇಶಕರು, ಎಲ್ಲರ ಬಾಯಲ್ಲಿ ‘ಮೇಷ್ಟ್ರು’, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮುದುಕಿ ನಗಲಿಲ್ಲ.

“ನಿನಗಿಂತ ಮುಂಚೆ ಬಂದಿದ್ದ ಇಬ್ಬರೂ ಹಿಂಗೇ ಆಡ್ಕೊಂಡಿದ್ರು. ಒಬ್ಬಳು ಈಗ ಬಟ್ಟೆ ಅಂಗಡೀಲಿ ಅಳತೆ ಹಾಕ್ತಾಳೆ. ಎಷ್ಟು ಮೀಟರು ಅಂತ ಬೆರಳಲ್ಲೇ ತೋರಿಸ್ತಾಳೆ, ಬಾಯಿ ಬಿಡಲ್ಲ. ಇನ್ನೊಬ್ಬಳು ಎಲ್ಲಿದಾಳೋ ಗೊತ್ತಿಲ್ಲ.”

“ಬಾಯಿ ಬಿಡದೆ ಸಂಬಳ ಬರುತ್ತಾ? ಒಳ್ಳೇ ಕೆಲಸ ಕಣ್ರೀ ಚಿಕ್ಕಕ್ಕ, ನನಗೂ ಒಂದು ನೋಡಿ,” ಎಂದು ಗಿಣಿ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಹೊಕ್ಕಳು.

ಗಿಣಿ ಎಂಬುದು ಕಾಲೇಜು ಕೊಟ್ಟ ಹೆಸರು. ಒಮ್ಮೆ ಕೇಳಿದ ದನಿ ಅವಳ ಗಂಟಲಿಗೆ ಅಂಟಿಕೊಂಡುಬಿಡುತ್ತಿತ್ತು. ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಒಂದಿಡೀ ಮಧ್ಯಾಹ್ನದ ತರಗತಿಗಳನ್ನು ರದ್ದು ಮಾಡಿಸಿದ್ದಳು. ಬಸ್ ಕಂಡಕ್ಟರು, ಕೆಮ್ಮುವ ಲೈಬ್ರೇರಿಯನ್, ನೀರೆತ್ತಲಾರದೆ ಗೋಳಾಡುವ ಪಂಪು, ಯಾವುದಾದರೂ ಸೈ. ಪಾಠ ಕಂಠಪಾಠವಾಗಲಿಲ್ಲ, ಪಾಠ ಹೇಳಿದವರ ಕಂಠಗಳೆಲ್ಲ ಪಾಠವಾದವು.

ಇನ್ನು ಅವಳದೇ ದನಿ. ಕೊಂಚ ಒರಟು, ಮೇಲಕ್ಕೆ ಹೋದರೆ ಒಂದು ಕಡೆ ಸೀಳುವಂಥದು ಎಂದು ಯಾರೋ ಒಮ್ಮೆ ಹೇಳಿದ್ದರು. ಅದನ್ನು ಕೂತು ಕೇಳಿದವರಿಲ್ಲ. ಆ ದನಿಯಲ್ಲಿ ಒಂದೇ ಒಂದು ಹಾಡು ಹೊರಬರಬೇಕು, ಕೆಳಗೆ ತನ್ನ ಹೆಸರಿರಬೇಕು, ಗಿಣಿಯ ಆಸೆ ಅಷ್ಟೇ. ಅದಕ್ಕಾಗಿ ಆರು ವರ್ಷ ಹತ್ತಾರು ಬಾಗಿಲು ತಟ್ಟಿದ್ದಳು. ಎಲ್ಲ ಕಡೆಯೂ ಒಂದೇ ಪ್ರಶ್ನೆ: ದೊಡ್ಡಕ್ಕನ ಹಾಗೆ ಹಾಡ್ತೀಯಾ?

ದೊಡ್ಡಕ್ಕ ಹೋದ ವರ್ಷ ತೀರಿಕೊಂಡ ಗಾಯಕಿ. ಒಗೆದು ಒಣಹಾಕಿದ ಬಿಳಿ ಬಟ್ಟೆಯಂಥ ದನಿ. ಒಂದು ಕಲೆ ಇಲ್ಲ, ಒಂದು ಸುಕ್ಕಿಲ್ಲ. ಆ ದನಿ ಕೇಳಿ ಮೂರು ತಲೆಮಾರು ನಿದ್ದೆ ಹೋಗಿತ್ತು, ಮೂರು ತಲೆಮಾರು ಪ್ರೀತಿಸಿತ್ತು. ಅವಳು ಕಣ್ಣು ಮುಚ್ಚಿದ್ದೇ ತಡ, ನಕಲುಗಳ ಸಂತೆ ನೆರೆಯಿತು. ‘ಎರಡನೇ ದೊಡ್ಡಕ್ಕ’, ‘ಪುಟಾಣಿ ದೊಡ್ಡಕ್ಕ’, ಮೀಸೆ ಹೊತ್ತ ಒಬ್ಬ ‘ಗಂಡು ದೊಡ್ಡಕ್ಕ’ ಕೂಡ. ಅವಳು ಅರ್ಧಕ್ಕೆ ಬಿಟ್ಟಿದ್ದ ಒಂದು ಹಾಡಿನ ಹಳೆಯ ಸುರುಳಿ ಸಿಕ್ಕಿತ್ತು: ಪಲ್ಲವಿ ಇದೆ, ಮೊದಲ ಚರಣ ಇದೆ, ಎರಡನೇ ಚರಣದ ಮೊದಲ ಎರಡು ಪದಗಳಿಗೇ ದನಿ ನಿಂತಿದೆ. ವರ್ಷದ ನೆನಪಿನ ಸಭೆಯಲ್ಲಿ ಆ ಚರಣವನ್ನು ಹಾಡಿ ಮುಗಿಸಬೇಕು. ಅದಕ್ಕೆ ಮೊದಲು ಸ್ಟುಡಿಯೋದಲ್ಲಿ ಹಾಡಿ ಪಳಗಿಸಿಕೊಳ್ಳಬೇಕು. ಮೂವತ್ತೊಂದು ಮಂದಿಯಲ್ಲಿ ಮೇಷ್ಟ್ರು ಗಿಣಿಯನ್ನು ಆರಿಸಿದ್ದರು.

“ಇದೊಂದು ಮುಗಿಸಿಕೊಡು ಮರೀ. ಮುಂದಿನ ಹಾಡು ನಿಂದು. ನಿನ್ನ ದನೀಲಿ, ನಿನ್ನ ಹೆಸರಲ್ಲಿ. ಮಾತು ಅಂದ್ರೆ ಮಾತು.”

ಬಾಗಿಲಿಗೆ ಅಡ್ಡ ನಿಂತಿದ್ದ ಮುದುಕಿ ದೊಡ್ಡಕ್ಕನ ಒಡಹುಟ್ಟಿದ ತಂಗಿ. ಎಲ್ಲರಿಗೂ ಚಿಕ್ಕಕ್ಕ. ಹಳೆಯ ಟೇಪುಗಳ ಕೋಣೆಗೆ ಅವಳೇ ಕಾವಲು. ಆ ಮಾತು ಕೊಡುವಾಗ ಅವಳು ಅಲ್ಲೇ ಧೂಳು ಹೊಡೆಯುತ್ತಿದ್ದಳು. ಕೈಯಲ್ಲಿದ್ದ ಬಟ್ಟೆ ನಿಂತಿತ್ತು.

*

ಹಗಲು ಹನ್ನೊಂದಾದರೂ ಹಾಡುವ ಕೋಣೆಯಲ್ಲಿ ಕತ್ತಲು. ಕಿಟಕಿಯಿಲ್ಲ. ಗೋಡೆಗೆಲ್ಲ ಕಪ್ಪು ಸ್ಪಂಜು. ಕಾಲಡಿ ತೇವ ಹೀರಿದ ಜಮಖಾನ. ಎಷ್ಟೋ ಬಾಯಿಗಳ ಉಸಿರು ಅಲ್ಲೇ ಕೊಳೆತು ನಿಂತ ಹಾಗಿತ್ತು. ಅದರಡಿಯಲ್ಲಿ ಮೂಗು ಚುಚ್ಚುವ ಒಂದು ಹುಳಿ.

“ಇಲ್ಲಿ ವಿನೆಗರ್ ಚೆಲ್ಲಿದೀರಾ ಸಾರ್?”

“ಹಳೇ ಟೇಪು ಕೊಳೆತ್ರೆ ಹಂಗೆ ನಾರುತ್ತೆ,” ರೆಕಾರ್ಡಿಸ್ಟನ ದನಿ ತಂತಿಯಲ್ಲಿ ಬಂತು.

“ಈ ರೂಮಲ್ಲಿ ಟೇಪೆಲ್ಲಿದೆ?”

ಅವನು ಸುರುಳಿ ಓಡಿಸಿದ.

ಹಾಡುವವರು ಸಾಮಾನ್ಯವಾಗಿ ಹೆಡ್‌ಫೋನಿನ ಒಂದು ಬಟ್ಟಲನ್ನು ಕಿವಿಯ ಹಿಂದಕ್ಕೆ ತಳ್ಳಿಕೊಳ್ಳುತ್ತಾರೆ. ಒಂದು ಕಿವಿಗೆ ವಾದ್ಯ, ಇನ್ನೊಂದಕ್ಕೆ ಬಯಲಿನಲ್ಲಿ ಕೇಳುವ ತಮ್ಮದೇ ದನಿ. ಗಿಣಿಯ ಪದ್ಧತಿ ಬೇರೆ. ಎಡಗಿವಿಗೆ ಅಸಲು, ಬಲಗಿವಿಗೆ ತಾನು. ಎರಡೂ ಒಂದಾಗುವವರೆಗೆ ಗಂಟಲನ್ನು ತಿರುಚುವುದು, ರೇಡಿಯೋದ ಮುಳ್ಳು ತಿರುಗಿಸಿದ ಹಾಗೆ. ಅವಳು ಎರಡೂ ಬಟ್ಟಲುಗಳನ್ನು ಗಟ್ಟಿಯಾಗಿ ಒತ್ತಿಕೊಂಡಳು.

ಎಡಗಿವಿಯಲ್ಲಿ ಸತ್ತವಳು ಹಾಡಿದಳು. ಬಲಗಿವಿಯಲ್ಲಿ ಬದುಕಿದ್ದವಳು ಹಾಡಿದಳು.

ಎರಡನೇ ಟೇಕಿಗೆ ದೊಡ್ಡಕ್ಕನ ಉಸಿರು ಸಿಕ್ಕಿತು. ನಾಲ್ಕನೆಯದಕ್ಕೆ ಪದದ ಕೊನೆಯನ್ನು ಮೆಲ್ಲಗೆ ಕೈಬಿಡುವ ಬಗೆ ಸಿಕ್ಕಿತು. ಏಳನೆಯದಕ್ಕೆ ಹುಳಿ ವಾಸನೆ ಹೆಚ್ಚಾಯಿತು. ಎಂಟನೆಯದಕ್ಕೆ ಕಾಲಡಿಯ ಜಮಖಾನ ಒಮ್ಮೆ ಉಬ್ಬಿ ಇಳಿದ ಹಾಗಾಯಿತು. ಉಬ್ಬಿತು. ಇಳಿಯಿತು. ಉಸಿರಾಡಿದ ಹಾಗೆ.

ಒಂಬತ್ತನೆಯ ಟೇಕು. ‘ಹೇಳದ ಮಾತೊಂದು…’ ಎಂಬಲ್ಲಿ ಎಡಗಿವಿಯ ದನಿ ನಿಲ್ಲಬೇಕಿತ್ತು. ಸುರುಳಿ ಅಲ್ಲಿಗೇ ಮುಗಿದಿತ್ತು. ನಿಲ್ಲಲಿಲ್ಲ. ಅದು ಮುಂದುವರಿಯಿತು. ಗಿಣಿ ಬಾಯಿ ಮುಚ್ಚಿದಳು. ಬಲಗಿವಿಯಲ್ಲೂ ಹಾಡು ನಡೆದೇ ಇತ್ತು. ಯಾರು? ಯಾರು ಹಾಡುತ್ತಿರುವುದು? ಬಟ್ಟಲು ಕೀಳಲು ನೋಡಿದಳು. ಕೈ ಏಳಲಿಲ್ಲ. ಗಂಟಲೊಳಗೆ ತಣ್ಣಗಿನದೇನೋ ಇಳಿಯಿತು. ಅಲ್ಲಿದ್ದುದು ಜಾಗ ಬಿಟ್ಟು ಕೊಟ್ಟಿತು.

“ಓಕೆ!” ತಂತಿಯಲ್ಲಿ ಮೇಷ್ಟ್ರ ದನಿ ನಡುಗುತ್ತಿತ್ತು. “ದೇವರಾಣೆ, ಯಾವುದು ಅವಳು ಯಾವುದು ನೀನು ಅಂತ ನನಗೇ ತಿಳೀಲಿಲ್ಲ!”

ಗಿಣಿ ತಡವರಿಸುತ್ತ ಹೊರಬಂದಳು. “ನೀರು ಕೊಡಿ” ಎಂದಳು.

ಕೋಣೆಯಲ್ಲಿದ್ದ ಮೂವರೂ ತಿರುಗಿ ನೋಡಿದರು. ನೀರು ಕೇಳಿದ್ದು ದೊಡ್ಡಕ್ಕ.

ರೆಕಾರ್ಡಿಸ್ಟ್ ಚಪ್ಪಾಳೆ ತಟ್ಟಿದ. ಚಿಕ್ಕಕ್ಕ ಗೋಡೆ ಹಿಡಿದುಕೊಂಡಳು.

*

ಮೊದಲ ದಿನ ಅದು ತಮಾಷೆಯಂತೆಯೇ ಇತ್ತು. ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ನಿಂತು ಕೆಮ್ಮಿದಳು, ದೊಡ್ಡಕ್ಕ ಕೆಮ್ಮಿದಳು. ಆಕಳಿಸಿದಳು; ಆಕಳಿಕೆಯೂ ಶ್ರುತಿಯಲ್ಲಿತ್ತು. ಸಂಜೆ ಅಮ್ಮನ ಫೋನು ಬಂತು.

“ಅಮ್ಮಾ, ನಾನು…”

“ಸಾಕು ಬಿಡೇ ನಿನ್ನ ಆಟ. ಸತ್ತೋರ ದನೀಲಿ ನನ್ನ ಅಮ್ಮಾ ಅನ್ಬೇಡ, ಮೈಯೆಲ್ಲ ಜುಂ ಅನ್ನುತ್ತೆ. ನಿನ್ನ ದನೀಲಿ ಮಾತಾಡು.”

ಗಿಣಿ ಬಾಯಿ ತೆರೆದಳು. ಅವಳ ದನಿ ಬರಲಿಲ್ಲ. ಕಂಡಕ್ಟರ ದನಿ ಕರೆದಳು, ಬಂತು. ಪ್ರಿನ್ಸಿಪಾಲರದು ಬಂತು. ಪಂಪು ಗೋಳಾಡಿತು. ಎಷ್ಟು ಜನ ಬಾಡಿಗೆಗಿದ್ದರೋ ಎಲ್ಲರೂ ಬಾಗಿಲು ತೆರೆದರು; ಮನೆಯ ಒಡತಿ ಮಾತ್ರ ಇಲ್ಲ. ತನ್ನ ದನಿಯನ್ನಾದರೂ ಅನುಕರಣೆ ಮಾಡೋಣವೆಂದರೆ, ಅದು ಹೇಗಿತ್ತು? ನೆನಪು ಬರಲಿಲ್ಲ. ಊರಿನವರ ದನಿಯನ್ನೆಲ್ಲ ಕದ್ದು ಕೇಳಿದವಳು ತನ್ನದನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

“ಯಾರೋ ಅಲ್ಲಿ? ನನ್ನ ಮಗಳಿಗೆ ಫೋನ್ ಕೊಡ್ರೋ!” ಅಮ್ಮ ಕಿರುಚಿದಳು. ಗಿಣಿ ಫೋನು ಇಟ್ಟಳು.

ಮರುದಿನ ಬೆಳಗ್ಗೆ ಬಾಗಿಲು ತಟ್ಟದೆಯೇ ಮೇಷ್ಟ್ರ ಕೋಣೆಗೆ ನುಗ್ಗಿದಳು.

“ಮೇಷ್ಟ್ರೇ, ನನ್ನ ದನಿ ಹೋಗಿದೆ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. “ಇನ್ನೊಂದ್ಸಲ ಅನ್ನು ಮರೀ. ‘ಮೇಷ್ಟ್ರೇ’ ಅಂತ. ಅವಳು ಹಿಂಗೇ ಕರೀತಿದ್ಲು.”

“ಆಟ ಅಲ್ಲ ಇದು. ಆ ರೂಮಲ್ಲಿ ಏನೋ ಇದೆ. ನಂಗೆ ನನ್ನ ದನಿ ಬೇಕು.”

“ಹೋದ್ರೆ ಹೋಯ್ತು ಬಿಡಮ್ಮ. ಲೋಕವೆಲ್ಲ ಈ ದನಿಗೆ ಅಳ್ತಾ ಕೂತಿದೆ, ಸಿಕ್ಕಿರೋಳು ಬೇಡ ಅಂತೀಯಾ? ಹನ್ನೆರಡು ಹಾಡು ಕಾಯ್ತಿವೆ.”

“ನನ್ನ ದನೀಲಿ ಒಂದು ಹಾಡು ಅಂದಿದ್ರಿ. ಮಾತು ಅಂದ್ರೆ ಮಾತು ಅಂದಿದ್ರಿ.”

“ಅಂದಿದ್ದೆ.” ಅವರು ನಕ್ಕರು. ಕೆಟ್ಟ ನಗೆಯಲ್ಲ, ಅದೇ ಹೊಟ್ಟೆ ಉರಿಸುವಂತಿತ್ತು. “ಆದ್ರೆ ಯಾರಿಗೆ ಬೇಕು ಹೇಳು ಅದು? ನಿನ್ನ ದನಿ ಹೆಂಗಿತ್ತು ಅಂತ ನನಗೇ ನೆನಪಿಲ್ಲ.”

ಗಿಣಿ ಮೇಜಿಗೆ ಕೈ ಊರಿ ಬಗ್ಗಿದಳು. ಗೊತ್ತಿದ್ದ ಅತ್ಯಂತ ಹೊಲಸು ಬೈಗುಳವನ್ನು ಹುಡುಕಿ, ಹಲ್ಲು ಕಚ್ಚಿ, ಅವರ ಮುಖಕ್ಕೆ ಎಸೆದಳು. ಅದು ಜೋಗುಳದ ಹಾಗೆ ತೇಲಿ ಹೋಗಿ ಅವರ ಕಿವಿಯ ಮೇಲೆ ಕೂತಿತು. ಮೇಷ್ಟ್ರು ತಲೆದೂಗಿದರು.

ಆಗ ಅವಳಿಗೆ ತಿಳಿಯಿತು. ಆ ಕೊರಳಲ್ಲಿ ಸಿಟ್ಟಿಗೆ ಜಾಗವೇ ಇರಲಿಲ್ಲ. ಒಳಗೆ ಬೆಂಕಿ ಬಿದ್ದರೂ ಹೊರಗೆ ಬರುವುದು ತಂಗಾಳಿ. ಇನ್ನು ಸಾಯುವವರೆಗೂ ಯಾರಾದರೂ ತನ್ನನ್ನು ತುಳಿದರೆ, ಅವರಿಗೆ ಕೇಳುವುದು ಇಂಪು ಮಾತ್ರ.

*

ಟೇಪುಗಳ ಕೋಣೆಯಲ್ಲಿ ಚಿಕ್ಕಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಕಾಯುತ್ತಿದ್ದವಳ ಹಾಗೆ.

“ಯಾರು ಮಾಡಿದ್ದು ಮಾಟ?” ಗಿಣಿ ಕೇಳಿದಳು. ಸತ್ತ ಅಕ್ಕನ ದನಿಯಲ್ಲಿ ಆ ಪ್ರಶ್ನೆ ಕೇಳಿ ಮುದುಕಿಯ ಮುಖ ಬೂದಿಯಾಯಿತು.

“ನಾನೇ.”

“ಯಾರಿಗೆ?”

“ಅವಳಿಗೆ. ನಿನಗಲ್ಲ. ನೀನ್ಯಾರು ನನಗೆ? ಬರೋರಿಗೆಲ್ಲ ಹೇಳ್ತಾನೇ ಇದೀನಿ, ಒಂದು ಕಿವಿ ಹೊರಗಿಡಿ, ಒಂದು ಕಿವಿ ಹೊರಗಿಡಿ ಅಂತ. ಕೇಳೋರು ಯಾರು? ಎಲ್ರಿಗೂ ಅವಳಾಗ್ಬೇಕು!”

ಮುದುಕಿ ಎದ್ದಳು. ಅವಳ ಮಾತು ಮೊದಲು ತೊಟ್ಟಿಕ್ಕಿತು, ಆಮೇಲೆ ಕಟ್ಟೆಯೊಡೆಯಿತು.

“ಮೂವತ್ತು ವರ್ಷ ಟ್ರ್ಯಾಕ್ ಹಾಡಿದೆ. ಗೊತ್ತಾ ನಿನಗೆ ಟ್ರ್ಯಾಕ್ ಅಂದ್ರೆ? ದೊಡ್ಡೋರು ಬರೋ ತನಕ ಜಾಗ ಹಿಡಿಯೋ ದನಿ. ಬಸ್ ಸೀಟಿಗೆ ಕರ್ಚೀಫ್ ಹಾಕ್ತಾರಲ್ಲ, ಹಂಗೆ. ಅವಳು ಬಂದು ಕೂತ್ಲು, ನನ್ನ ಅಳಿಸಿದ್ರು. ಅವಳ ಹಾಗೇ ಹಾಡ್ಬೇಕು, ಆದ್ರೆ ಅವಳಲ್ಲ. ದಿನಾ ಹಾಡು, ದಿನಾ ಅಳಿಸು. ಒಂದಿನ ಮೇಷ್ಟ್ರಿಗೆ ಕರುಣೆ ಬಂತು. ಈ ಹಾಡು ನಿಂದು ಅಂದ. ನಿನ್ನ ದನೀಲಿ, ನಿನ್ನ ಹೆಸರಲ್ಲಿ. ಮಾತು ಅಂದ್ರೆ ಮಾತು ಅಂದ.”

“ಈ ಹಾಡಾ?”

“ಇದೇ. ಎರಡೂ ಚರಣ ಹಾಡಿದೆ. ಅವಳ ಹಾಗಲ್ಲ, ನನ್ನ ಹಾಗೆ. ಮಾರನೇ ದಿನ ಏನಂದ ಗೊತ್ತಾ? ಹಾಡು ತುಂಬಾ ಚೆನ್ನಾಗಿ ಬಂದಿದೆ ಚಿಕ್ಕಕ್ಕ, ದೊಡ್ಡಕ್ಕನ ಕೈಲಿ ಹಾಡಿಸೋಣ, ನಿಂದು ಅಳಿಸ್ಬಿಡು. ನಿನ್ನ ಕೈಯಲ್ಲೇ ಅಳಿಸು ಅಂದ! ಅಕ್ಕ ಅಂದ್ಲು, ‘ಅಯ್ಯೋ, ನೀನು ಹಾಡಿದ್ರೇನು, ನಾನು ಹಾಡಿದ್ರೇನು?’ ಅಂತ. ನಗ್ತಾ ಅಂದ್ಲು. ಆ ಮಾತಿಗೇ ನನಗೆ ಬೆಂಕಿ ಬಿದ್ದಿದ್ದು.”

ಚಿಕ್ಕಕ್ಕ ಅಳಿಸಲಿಲ್ಲ. ಬ್ಲೇಡಿನಿಂದ ಆ ಟೇಪನ್ನು ಕತ್ತರಿಸಿ ತೆಗೆದಳು. ಅಕ್ಕನ ಬಾಚಣಿಗೆಯ ಕೂದಲು, ತನ್ನ ಬೆರಳಿನ ರಕ್ತ, ಎರಡನ್ನೂ ಸೇರಿಸಿ ಆ ಟೇಪಿನಲ್ಲೇ ಗಂಟು ಕಟ್ಟಿದಳು. ಈ ಮಾಟ ಕಲಿಸಿದ್ದು ಸಿನಿಮಾಗಳಿಗೆ ಅಳುವ ದನಿ ಕೊಡುತ್ತಿದ್ದ ಒಬ್ಬ ಮುದುಕಿ. ಗಂಟನ್ನು ಹಾಡುವ ಕೋಣೆಯ ಹಲಗೆಯಡಿ ಇಟ್ಟು ಜಮಖಾನ ಎಳೆದಳು. ದೊಡ್ಡಕ್ಕನಿಗೆ ಮೊದಲಿನಿಂದಲೂ ಎರಡೂ ಕಿವಿ ಮುಚ್ಚಿ ಹಾಡುವ ಅಭ್ಯಾಸ. ಬಯಲಲ್ಲಿ ಏನು ಕೇಳುತ್ತದೆ ಎಂದು ನೋಡುವ ಅಗತ್ಯ ಅವಳಿಗೆ ಎಂದೂ ಬಿದ್ದಿರಲಿಲ್ಲ. ಎರಡನೇ ಚರಣದ ಎರಡನೇ ಪದಕ್ಕೆ ದನಿ ಕಳಚಿ ಬಿತ್ತು. ಗಂಟಿನೊಳಗೆ ಹೋಗಿ ಕೂತಿತು.

“ಅವಳ ಬಾಯಿ ಕಟ್ಟಿದ್ರೆ ನನ್ನ ಬಾಯಿ ಬಿಚ್ಚುತ್ತೆ ಅಂದ್ಕೊಂಡಿದ್ದೆ,” ಚಿಕ್ಕಕ್ಕ ಹಲ್ಲು ಕಡಿದಳು. “ಮೇಷ್ಟ್ರು ಏನ್ಮಾಡಿದ ಗೊತ್ತಾ? ನನ್ನ ಟ್ರ್ಯಾಕ್ ಅಳಿಸೋದು ನಿಲ್ಲಿಸಿದ. ಅವಳ ಹೆಸರು ಹಾಕಿ ಬಿಟ್ಟ. ಐದು ವರ್ಷ! ದನಿ ನಂದು, ಧಣಿ ಅವಳು.”

“ಗಂಟು ಬಿಚ್ಚಿ.”

“ಬಿಚ್ಚಿದ್ರೆ ಟೇಪು ಪುಡಿಯಾಗುತ್ತೆ. ನಾನು ನನ್ನ ಹಾಗೆ ಹಾಡಿದ್ದು ಅಂತ ಈ ಭೂಮಿ ಮೇಲೆ ಇರೋದು ಅದೊಂದೇ. ಕೊಡಲ್ಲ. ನೀನು ಸತ್ರೂ ಕೊಡಲ್ಲ.”

ಗಿಣಿಗೆ ಆ ಮುದುಕಿಯ ಕತ್ತು ಹಿಸುಕುವಷ್ಟು ಕೋಪ ಬಂತು. ಜೊತೆಗೇ, ಆ ಕೋಪ ತನ್ನದೋ ಎದುರಿನವಳದೋ ತಿಳಿಯದಾಯಿತು. ಇಬ್ಬರಿಗೂ ಒಂದೇ ಮಾತು ಕೊಟ್ಟಿದ್ದ ಒಂದೇ ಗಂಡಸು ಮೇಲಿನ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

“ಟೇಪು ಪುಡಿಯಾಗೋ ಮುಂಚೆ ಒಂದ್ಸಲ ಓಡುತ್ತಲ್ಲ?” ಎಂದಳು. “ನಾನು ಕೇಳ್ತೀನಿ ಚಿಕ್ಕಕ್ಕ. ನನಗೆ ಒಂದ್ಸಲ ಸಾಕು.”

ಮುದುಕಿ ಅವಳ ಗಂಟಲನ್ನೇ ನೋಡಿದಳು.

“ಕೇಳಿದ್ರಷ್ಟೇ ಸಾಲದು. ಜನದ ಮುಂದೆ ಹಾಡಿ ಹೊರಗೆ ಹಾಕ್ಬೇಕು. ಅವಳು ನಿಲ್ಸಿದ ಚರಣಾನ, ನನ್ನ ದನೀಲಿ, ಕೊನೇ ಅಕ್ಷರದ ತನಕ. ಆಗ ಅವಳೂ ಹೋಗ್ತಾಳೆ, ನಾನೂ ಹೋಗ್ತೀನಿ, ನಿಂದು ನಿನಗೆ ಬರುತ್ತೆ. ಮಧ್ಯದಲ್ಲಿ ನಿಂತ್ಯೋ, ಮುಗೀತು. ಯಾವುದೂ ಇರಲ್ಲ. ಟೇಕಿನ ಮಧ್ಯೆ ಹಾಡು ಬಿಟ್ಟು ಓಡಿದ ಆ ಹುಡುಗಿ ಹಾಗೆ ಬಟ್ಟೆ ಅಳೀಬೇಕು.”

“ದೊಡ್ಡಕ್ಕನ ದನಿ ಎಲ್ಲಿಗೆ ಹೋಗುತ್ತೆ?”

“ಬೇಕು ಬೇಕು ಅಂತ ಬಾಯಿ ಬಿಡ್ತಿದಾರಲ್ಲ, ಅವರ ಹತ್ರ.”

ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೊರಗೆ ಹೋದಾಗ ಇಬ್ಬರೂ ಜಮಖಾನ ಎತ್ತಿದರು. ಹಲಗೆ ಕಿತ್ತರು. ಹುಳಿ ವಾಸನೆ ಕಣ್ಣಿಗೆ ಚುಚ್ಚಿತು. ಮುಷ್ಟಿಯಷ್ಟು ದೊಡ್ಡ ಕಂದು ಗಂಟು. ಅದರೊಳಗಿಂದ ಹಣಕಿದ ಕೂದಲು ಇನ್ನೂ ಕಪ್ಪಗಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಉಬ್ಬಿತು. ಇಳಿಯಿತು.

ಚಿಕ್ಕಕ್ಕ ಅದನ್ನು ಮಗುವಿನ ತಲೆಗೂದಲ ಸಿಕ್ಕು ಬಿಡಿಸುವ ಹಾಗೆ ಎಳೆ ಎಳೆಯಾಗಿ ಬಿಡಿಸಿದಳು. ಹಳೆಯ ಯಂತ್ರಕ್ಕೆ ಸುತ್ತಿದಳು. ಚಕ್ರ ತಿರುಗಿತು. ಓಡಿದಷ್ಟೂ ಟೇಪಿನ ಮೈಯಿಂದ ಕಂದು ಪುಡಿ ಮೇಜಿನ ಮೇಲೆ ಉದುರಿತು. ಹಾಡು ಹೊರಬಂದು ಹಿಂದಿರುಗದ ಹಾಗೆ.

ಅದು ದೊಡ್ಡಕ್ಕನ ದನಿಯಲ್ಲ. ದಪ್ಪ ದನಿ. ತಳದಲ್ಲಿ ಮರಳಿತ್ತು. ಏರುವಾಗ ಏದುಸಿರಿತ್ತು, ಇಳಿಯುವಾಗ ಹಟವಿತ್ತು. ಇಂಪು ಮಾಡಲು ಒಂದಿಷ್ಟೂ ಪ್ರಯತ್ನಿಸದ ದನಿ. ನಾಲ್ಕೂವರೆ ನಿಮಿಷ ಗಿಣಿ ರೆಪ್ಪೆ ಬಡಿಯಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವಳು ಒಂದು ದನಿಯನ್ನು ಕದಿಯಲು ಕೇಳದೆ, ಕೇಳಲು ಕೇಳಿದಳು.

ಚಕ್ರ ನಿಂತಿತು. ಮೇಜಿನ ಮೇಲೆ ಒಂದು ಹಿಡಿ ಪುಡಿ. ಚಿಕ್ಕಕ್ಕ ಅದನ್ನು ಅಂಗೈಯಿಂದ ಒರೆಸಿ ನೆಲಕ್ಕೆ ಕೆಡವಿದಳು.

*

ನೆನಪಿನ ಸಭೆ ಅದೇ ಸಂಜೆ ನಾಲ್ಕಕ್ಕೆ. ಎರಡು ಸಾವಿರ ಕುರ್ಚಿ, ಒಂದೂ ಖಾಲಿಯಿಲ್ಲ. ಮುಂದಿನ ಸಾಲಿನಲ್ಲಿ ಅಭಿಮಾನಿ ಸಂಘದವರು. ಅವರ ಅಧ್ಯಕ್ಷನ ಅಂಗಿಯ ಎದೆಯ ಮೇಲೆ ದೊಡ್ಡಕ್ಕನ ಮುಖ ಅಚ್ಚಾಗಿತ್ತು. ಕೊನೆಯ ಸಾಲಿನ ಮೂಲೆಯಲ್ಲಿ ಚಿಕ್ಕಕ್ಕ. ಮೇಷ್ಟ್ರು ಮೈಕಿನ ಮುಂದೆ ಅತ್ತರು, “ಅಕ್ಕ ಇವತ್ತು ಮತ್ತೆ ಬರ್ತಾಳೆ” ಎಂದರು.

ದೀಪಗಳು ಆರಿದವು. ಸುರುಳಿ ಓಡಿತು. ಪಲ್ಲವಿ. ಮೊದಲ ಚರಣ. ಕತ್ತಲಲ್ಲಿ ಎರಡು ಸಾವಿರ ಜನ ಮೂಗೊರೆಸಿಕೊಳ್ಳುವ ಸದ್ದು. ‘ಹೇಳದ ಮಾತೊಂದು…’ ಸುರುಳಿ ನಿಂತಿತು. ಗಿಣಿಯ ಮೇಲೆ ಬೆಳಕು ಬಿತ್ತು.

ಅವಳು ಉಸಿರೆಳೆದುಕೊಂಡಳು. ಗಂಟಲಲ್ಲಿ ಒಬ್ಬಳ ಮೇಲೊಬ್ಬಳು ಇಬ್ಬರಿದ್ದರು. ಮೇಲಿದ್ದ ಚಿಕ್ಕಕ್ಕನಿಗೆ ದಾರಿ ಬಿಟ್ಟಳು.

ಹೇಳದ ಮಾತೊಂದು ಹೆಗಲೇರಿ ಕೂತಿದೆ…

ಸಭೆ ಉಸಿರು ಹಿಡಿಯಿತು. ಏನೋ ತಪ್ಪಾಗಿದೆ. ದಪ್ಪ ದನಿ. ಮರಳಿನ ದನಿ. ಯಾರಿದು?

ಇಳಿಸೋಣವೆಂದರೆ ನೆಲವಿಲ್ಲ…

“ಇದು ಅಕ್ಕನ ದನಿ ಅಲ್ಲ!” ಎಲ್ಲಿಂದಲೋ ಒಬ್ಬ ಕೂಗಿದ. “ಅಲ್ಲ! ಅಲ್ಲ!” ಹತ್ತು ಜನ. ನೂರು ಜನ. “ಮೋಸ!” “ಕೆಳಗಿಳಿಸ್ರೋ ಅವಳನ್ನ!” ಕೊನೆಯ ಸಾಲಿನಲ್ಲಿ ಮುದುಕಿ ಎದ್ದು ನಿಂತಿದ್ದಳು. ಮೂವತ್ತು ವರ್ಷ ಯಾರೂ ಅವಳಿಗೆ ಹೇಳದಿದ್ದ ಮಾತು ಅದು. ನಿನ್ನದು ಅಕ್ಕನ ದನಿ ಅಲ್ಲ. ಅವಳ ಮುಖ ಬೆಳಗುತ್ತಿತ್ತು.

ಮೇಷ್ಟ್ರು ಪಕ್ಕದಿಂದ ಕೈ ಬೀಸಿದರು. ಮೈಕು ಸತ್ತಿತು. ವಾದ್ಯಗಳು ಒಂದೊಂದಾಗಿ ನಿಂತವು.

ಗಿಣಿ ನಿಲ್ಲಲಿಲ್ಲ. ಬರಿಯ ಕೊರಳಲ್ಲಿ ಎತ್ತಿದಳು.

ಕೇಳದ ಕಿವಿಗಳ ಊರಲಿ ನಿಂತಿಹೆ…

ಬಾಟಲಿಯೊಂದು ಭುಜಕ್ಕೆ ಬಡಿಯಿತು. ಕುರ್ಚಿ ಬಿತ್ತು. ಚಪ್ಪಲಿ ಬಂತು. ಹುಳಿ ವಾಸನೆ ಎಲ್ಲೆಲ್ಲೂ. ಗಂಟಲಲ್ಲಿ ಏನೋ ಹರಿಯಿತು. ಬಾಯಲ್ಲಿ ಕಬ್ಬಿಣದ ರುಚಿ. ಇನ್ನೊಂದು ಸಾಲು. ಒಂದೇ ಸಾಲು.

ಕೂಗೋಣವೆಂದರೆ…

ಅಧ್ಯಕ್ಷ ವೇದಿಕೆಗೆ ನೆಗೆದಿದ್ದ. ಅವನ ಬೆವರಿದ ಅಂಗೈ ಅವಳ ಬಾಯಿಯನ್ನು ಅದುಮಿತು. “ಮುಚ್ಚೇ ಬಾಯಿ! ನಮ್ಮಕ್ಕನ ಹಾಡಿಗೆ ಮಣ್ಣು ಹಾಕ್ತೀಯಾ?” ಉಸಿರಿಲ್ಲ. ಒಂದು ಪದ ಉಳಿದಿದೆ. ಒಂದು ಪದ. ಗಂಟಲಲ್ಲಿ ಇಬ್ಬರೂ ಗುದ್ದಾಡುತ್ತಿದ್ದರು. ಕಣ್ಣು ಮಂಜಾಯಿತು. ಅವಳು ಬಾಯಿ ತೆರೆದಳು. ಕಚ್ಚಿದಳು. ಹಲ್ಲು ಎಲುಬಿಗೆ ತಾಗುವ ತನಕ ಕಚ್ಚಿದಳು. ಕೈ ಸಡಿಲಿತು.

ಕೊರಳಿಲ್ಲ!

ಕೊನೆಯ ಅಕ್ಷರ ರಕ್ತದ ಜೊತೆಗೆ ಹೊರಗೆ ಬಿತ್ತು. ಅದರ ಹಿಂದೆಯೇ ತಣ್ಣಗಿನದೊಂದು ಗಂಟಲು ಬಿಟ್ಟು ಎದ್ದು, ಬಾಯಿ ತೆರೆದು ನಿಂತಿದ್ದ ಸಭೆಯ ಕಡೆಗೆ ಹೋಯಿತು.

“ಅಯ್ಯೋ!” ಅಧ್ಯಕ್ಷ ಕೈ ಹಿಡಿದುಕೊಂಡು ಕಿರುಚಿದ.

ಕಿರುಚಿದ್ದು ದೊಡ್ಡಕ್ಕ.

ಸಭೆಗೆ ಅದು ತಿಳಿಯುವ ಮೊದಲೇ ಎರಡು ಸಾವಿರ ಬಾಯಿಗಳು, “ಇದು ಅಕ್ಕನ ದನಿ ಅಲ್ಲ!” ಎಂದು ಇನ್ನೊಮ್ಮೆ ಗರ್ಜಿಸಲು ತೆರೆದಿದ್ದವು. ಗರ್ಜನೆ ಹುಟ್ಟಲಿಲ್ಲ. ಎರಡು ಸಾವಿರ ಬಾಯಲ್ಲಿ ಒಂದೇ ದನಿ. ಬಿಳಿ ಬಟ್ಟೆಯಂಥ ದನಿ. ಒಂದು ಕಲೆ ಇಲ್ಲ.

ಗದ್ದಲ ಕತ್ತರಿಸಿದ ಹಾಗೆ ನಿಂತಿತು.

“ಏನಾಯ್ತು?” ಎಂದ ಬಿಳಿ ಗಡ್ಡದವನೊಬ್ಬ, ದೊಡ್ಡಕ್ಕನ ದನಿಯಲ್ಲಿ. ಪಕ್ಕದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡ ಹೆಂಡತಿಯನ್ನು ಕರೆದ, ಹೆಂಡತಿ ಗಂಡನನ್ನು ಕರೆದಳು. ಕರೆದವರು ಯಾರು, ಓಗೊಟ್ಟವರು ಯಾರು, ತಿಳಿಯಲಿಲ್ಲ. ಮೇಷ್ಟ್ರು ಓಡಿಬಂದು ಕೂಗಾಡಿದರು. ಜೋಗುಳ. ಎದೆ ಬಡಿದುಕೊಂಡು ಬೈದರು. ಜೋಗುಳ.

ಚಿಕ್ಕಕ್ಕ ಕುರ್ಚಿಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ವೇದಿಕೆಯವರೆಗೆ ಬಂದಳು.

“ಮಾತಾಡೇ, ನೋಡೋಣ,” ಎಂದಳು. ದಪ್ಪ ದನಿ. ಮರಳಿನ ದನಿ. ಮುದುಕಿಯ ಒಣಗಿದ ದನಿಯಲ್ಲ, ಟೇಪಿನಲ್ಲಿದ್ದ ಅವಳದೇ ದನಿ.

ಗಿಣಿ ರಕ್ತ ಉಗುಳಿದಳು. ಬಾಯಿ ತೆರೆದಳು. ಬಂದದ್ದು ಹರಿದ ದನಿ. ಎರಡು ಕಡೆ ಸೀಳಿತ್ತು, ಮೇಲಕ್ಕೆ ಏರಿಸಲು ನೋಡಿದರೆ ಗಾಳಿಯಷ್ಟೇ ಬರುತ್ತಿತ್ತು. ಆ ಕೊರಳು ಇನ್ನು ಹಾಡುವುದಿಲ್ಲ. ಅಭ್ಯಾಸಬಲದಿಂದ ಕಂಡಕ್ಟರನ್ನು ಕರೆದಳು, ಪ್ರಿನ್ಸಿಪಾಲರನ್ನು ಕರೆದಳು, ಯಾರೂ ಬರಲಿಲ್ಲ. ಉಳಿದದ್ದು ಆ ಹರಕು ಒಂದೇ.

ಅಧ್ಯಕ್ಷ ಅವಳ ಕಾಲ ಬುಡದಲ್ಲಿ ಕುಸಿದು ಕೂತಿದ್ದ. ಕಣ್ಣಲ್ಲಿ ಕೊಲ್ಲುವಷ್ಟು ಕೋಪ, ಕೊರಳಲ್ಲಿ ಅಮೃತ. “ವಾಪಸ್ ತಗೋಮ್ಮ,” ಎಂದ. “ನಿನ್ನ ಕಾಲಿಗೆ ಬೀಳ್ತೀನಿ, ತಗೋ ಇದನ್ನ.”

ಗಿಣಿ ಬಗ್ಗಿ ಅವನ ಮುಖದ ಹತ್ತಿರಕ್ಕೆ ಹೋದಳು.

“ನಿಮಗೆ ಬೇಕಿತ್ತಲ್ಲ,” ಎಂದಳು, ತನ್ನ ದನಿಯಲ್ಲಿ. “ಇಟ್ಕೊಳ್ಳಿ.”

ಇಬ್ಬರೂ ಪಕ್ಕದ ಬಾಗಿಲಿನಿಂದ ಹೊರಗೆ ನಡೆದರು. ಒಳಗೆ ಎರಡು ಸಾವಿರ ಜನ ಒಟ್ಟಿಗೆ ಅಳತೊಡಗಿದರು. ತುಂಬಾ ಇಂಪಾಗಿ.